‘ನಂಬಿದರೆ ಸಾಕು’ ಅನ್ನುವವರಿಗೂ ‘ಮಾಡಿದ್ದು ಸಾಕೇ’ ಅನ್ನುವವರಿಗೂ

ಪ್ರಶ್ನೆ: ನಾನು ಹುಬ್ಬಳ್ಳಿಯ ಗೃಹಿಣಿ. ಮೂರು ವರ್ಷದಿಂದ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಮರೆವೂ ಜಾಸ್ತಿಯಾಗಿದೆ. ಒಂದು ಕಾಲಕ್ಕೆ ಸಭೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದವರು ಅವರು. ಈಗ ಪ್ರಾರ್ಥನೆ ಮಾಡಲೂ ನೆನಪಿಲ್ಲ, ಕೈಯೂ ಏಳುವುದಿಲ್ಲ. ಅವರ ಆರೈಕೆಯಲ್ಲಿ ನನಗೆ ಬೈಬಲ್ ಓದಲು ಹೊತ್ತೇ ಸಿಗುವುದಿಲ್ಲ. ಎಷ್ಟೋ ಸಲ ಗೊಣಗುತ್ತಲೇ ಮಾಡುತ್ತೇನೆ. ಅವರ ಹಿರಿಯ ಮಗ, ನಮ್ಮ ಭಾವ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾರೆ. ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳುತ್ತಾರೆ. ‘ರಕ್ಷಣೆ ನಂಬಿಕೆಯಿಂದ, ಕ್ರಿಯೆಯಿಂದಲ್ಲ’ ಎಂದು ಎಫೆಸದ ಪತ್ರಿಕೆ ತೋರಿಸುತ್ತಾರೆ. ಸಭೆಗೆ ಮೈಕ್ ಸೆಟ್ ಕೊಡಿಸಿದ್ದಾರೆ. ಆದರೆ ಅವರಲ್ಲಿ ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೂಲಿ ವಾರಗಟ್ಟಲೆ ಬಾಕಿ. ತಾಯಿಯನ್ನು ನೋಡಲು ಬಂದರೆ ಹತ್ತು ನಿಮಿಷ ಕೂತು ಏಳುತ್ತಾರೆ. ‘ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು’ ಅನ್ನುವ ಯಾಕೋಬನ ಪತ್ರಿಕೆಯನ್ನು ನಾನು ಓದಿ ಹೇಳಿದರೆ ‘ಅದು ಯೆಹೂದ್ಯರಿಗೆ ಬರೆದದ್ದು’ ಅಂದರು. ಯಾರು ಸರಿ? ನಾನು ಮಾಡುತ್ತಿರುವುದು ದೇವರ ಲೆಕ್ಕಕ್ಕೆ ಬರುತ್ತದೆಯೇ? ಅತ್ತೆಯ ಗತಿ ಏನು?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಮೂರು ಜನ ಇದ್ದಾರೆ. ನಂಬಿದ್ದೇನೆ ಅನ್ನುವ ಭಾವ. ಮಾಡುತ್ತಲೇ ಇರುವ ನೀವು. ನಂಬಿದ್ದೇನೆ ಎಂದು ಹೇಳಲೂ ಆಗದ, ಏನನ್ನೂ ಮಾಡಲೂ ಆಗದ ನಿಮ್ಮ ಅತ್ತೆ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಅದು ಯಾರಿಗೂ ಉತ್ತರವಾಗುವುದಿಲ್ಲ. ಸಭಾಪಾಲಕನಾಗಿ ಮೂವತ್ತು ವರ್ಷ ಕೆಲಸ ಮಾಡಿದವನು ನಾನು. ಈಗ ಧಾರವಾಡದಲ್ಲಿ ಸಂಡೇ ಸ್ಕೂಲ್ ಕಲಿಸುವವರಿಗೆ ಬೈಬಲ್ ಪಾಠ ಹೇಳುತ್ತೇನೆ. ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಆದರೆ ಹೀಗೆ ಒಂದು ಮನೆಯೊಳಗಿಂದ, ಹಾಸಿಗೆಯ ಪಕ್ಕದಿಂದ ಬಂದದ್ದು ಅಪರೂಪ.

ಮೊದಲು ಭಾವ ಹೇಳಿದ ವಚನ ನೋಡೋಣ. ಅವರು ಹೇಳಿದ್ದು ಸುಳ್ಳಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ, 8 ಮತ್ತು 9ನೇ ವಚನದಲ್ಲಿ ಯೇಸುವಿನ ಅಪೊಸ್ತಲನಾದ ಪೌಲ ಅದನ್ನೇ ಹೇಳುತ್ತಾನೆ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ಅದು ನಮ್ಮಿಂದಾದದ್ದಲ್ಲ, ದೇವರ ವರ. ಯಾರೂ ಹೊಗಳಿಕೊಳ್ಳುವ ಹಾಗಿಲ್ಲ. ಆದರೆ 10ನೇ ವಚನವನ್ನು ಓದದೆ ಪುಸ್ತಕ ಮುಚ್ಚುವವರು ನಮ್ಮಲ್ಲಿ ಬಹಳ. ಅಲ್ಲಿ ಪೌಲ ಏನು ಹೇಳುತ್ತಾನೆ? ದೇವರು ನಮ್ಮನ್ನು ಕ್ರಿಸ್ತನಲ್ಲಿ ಹೊಸದಾಗಿ ಸೃಷ್ಟಿಸಿದ್ದೇ ಸತ್ಕ್ರಿಯೆಗಳನ್ನು ಮಾಡುವುದಕ್ಕಾಗಿ. ಆ ಕ್ರಿಯೆಗಳನ್ನು ದೇವರು ಮೊದಲೇ ಸಿದ್ಧ ಮಾಡಿಟ್ಟಿದ್ದಾನೆ. ನಾವು ಅದರಲ್ಲಿ ನಡೆಯಬೇಕು. ಎರಡು ವಚನದಲ್ಲಿ ‘ಕ್ರಿಯೆಯಿಂದ ಅಲ್ಲ’, ಮೂರನೆಯದರಲ್ಲಿ ‘ಕ್ರಿಯೆಗಾಗಿ’. ಇಂದ ಮತ್ತು ಆಗಿ, ಈ ಎರಡು ಸಣ್ಣ ಮಾತುಗಳ ನಡುವೆಯೇ ಇಡೀ ವಿಷಯ ನಿಂತಿದೆ.

ಇನ್ನು ಯಾಕೋಬ ಬರೆದದ್ದು ಯೆಹೂದ್ಯರಿಗೆ ಅನ್ನುವ ಮಾತು. ಚದರಿಹೋದ ಹನ್ನೆರಡು ಕುಲದವರಿಗೆ ಎಂದೇ ಆ ಪತ್ರಿಕೆ ಶುರುವಾಗುತ್ತದೆ, ನಿಜ. ಹಾಗೆ ನೋಡಿದರೆ ಎಫೆಸದ ಪತ್ರಿಕೆಯೂ ಎಫೆಸದವರಿಗೇ ಬರೆದದ್ದು ಅಲ್ವಾ? ಬ್ಯಾಡಗಿಯವರಿಗೆ ಯಾರೂ ಪತ್ರ ಬರೆದಿಲ್ಲ. ಆ ಎಲ್ಲ ಪತ್ರಗಳೂ ನಮಗೆ ಬಂದಿವೆ ಅನ್ನುವುದಕ್ಕೇ ಅವು ಬೈಬಲಿನಲ್ಲಿವೆ.

ಆದರೂ ಒಂದು ಕಷ್ಟವಿದೆ. ಅದನ್ನು ಮುಚ್ಚಿಡಬಾರದು. ರೋಮಾಪುರದವರಿಗೆ ಬರೆದ ಪತ್ರಿಕೆ 3:28ರಲ್ಲಿ ಪೌಲ, ಮನುಷ್ಯ ನೀತಿವಂತ ಅನ್ನಿಸಿಕೊಳ್ಳುವುದು ನಂಬಿಕೆಯಿಂದ, ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ ಅನ್ನುತ್ತಾನೆ. ಯಾಕೋಬ 2:24ರಲ್ಲಿ, ಕ್ರಿಯೆಗಳಿಂದಲೇ ಹೊರತು ನಂಬಿಕೆಯಿಂದ ಮಾತ್ರವೇ ಅಲ್ಲ ಅನ್ನುತ್ತಾನೆ. ‘ನಂಬಿಕೆ ಮಾತ್ರ’ ಎಂಬ ಎರಡು ಪದ ಒಟ್ಟಿಗೆ ಬರುವುದು ಇಡೀ ಹೊಸ ಒಡಂಬಡಿಕೆಯಲ್ಲಿ ಇದೊಂದೇ ಕಡೆ, ಅದೂ ‘ಅಲ್ಲ’ ಎಂಬ ಮಾತಿನ ಜೊತೆಗೆ. ಸಾಲದ್ದಕ್ಕೆ ಇಬ್ಬರೂ ಸಾಕ್ಷಿಗೆ ಕರೆಯುವುದು ಒಬ್ಬನನ್ನೇ, ಅಬ್ರಹಾಮನನ್ನು. ಇಬ್ಬರೂ ಎತ್ತಿ ಹೇಳುವುದು ಒಂದೇ ವಚನ: ಅಬ್ರಹಾಮ ದೇವರನ್ನು ನಂಬಿದ, ಅದು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಕೆಯಾಯಿತು.

ಆ ವಚನ ಇರುವುದು ಆದಿಕಾಂಡ 15ರಲ್ಲಿ. ರಾತ್ರಿ ಹೊತ್ತು. ದೇವರು ಮಕ್ಕಳಿಲ್ಲದ ಮುದುಕನನ್ನು ಹೊರಗೆ ಕರೆದು, ನಕ್ಷತ್ರ ಎಣಿಸು, ನಿನ್ನ ಸಂತಾನ ಅಷ್ಟಾಗುತ್ತದೆ ಅನ್ನುತ್ತಾನೆ. ಆತ ನಂಬುತ್ತಾನೆ. ಅಷ್ಟೇ. ಏನನ್ನೂ ಮಾಡಿಲ್ಲ. ಅದಾದ ಮೇಲೆ, 86ನೇ ವಯಸ್ಸಿನಲ್ಲಿ ಇಷ್ಮಾಯೇಲ ಹುಟ್ಟುತ್ತಾನೆ. ಸುನ್ನತಿ ಆಗುವುದು 99ನೇ ವಯಸ್ಸಿನಲ್ಲಿ. ಅಂದರೆ ನಂಬಿದ ರಾತ್ರಿಗೂ ಸುನ್ನತಿಗೂ ನಡುವೆ ಹದಿಮೂರು ವರ್ಷಕ್ಕಿಂತ ಹೆಚ್ಚು ಅಂತರ. ಪೌಲ ಬೆರಳಿಟ್ಟು ತೋರಿಸುವುದು ಈ ಅಂತರವನ್ನೇ. ನೋಡಿ, ಸುನ್ನತಿಗಿಂತ ಮೊದಲೇ ದೇವರು ಇವನನ್ನು ಒಪ್ಪಿಕೊಂಡಿದ್ದ ಅನ್ನುತ್ತಾನೆ. ಯಾಕೋಬನ ಬೆರಳು ಇನ್ನೂ ಮುಂದಕ್ಕೆ, ಆದಿಕಾಂಡ 22ಕ್ಕೆ ಹೋಗುತ್ತದೆ. ಅಲ್ಲಿ ಇಸಾಕ ಕಟ್ಟಿಗೆ ಹೊರುವಷ್ಟು ದೊಡ್ಡವನಾಗಿದ್ದಾನೆ. ದೇವರು ಕೇಳಿದನೆಂದು ಅಪ್ಪ ಅವನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದೊಯ್ಯುತ್ತಾನೆ. ಆ ದಿನ ಹಳೆಯ ನಂಬಿಕೆ ಪೂರ್ತಿಯಾಯಿತು ಅನ್ನುತ್ತಾನೆ ಯಾಕೋಬ. ಪೌಲ ನೋಡುತ್ತಿರುವುದು ಮೊದಲ ರಾತ್ರಿಯನ್ನು. ಯಾಕೋಬ ನೋಡುತ್ತಿರುವುದು ಎಷ್ಟೋ ವರ್ಷದ ನಂತರದ ಒಂದು ಬೆಳಗನ್ನು. ಮನುಷ್ಯ ಅದೇ, ನಂಬಿಕೆ ಅದೇ.

ಅವರ ಎದುರಿಗೆ ಇದ್ದ ಜನರೂ ಬೇರೆ ಬೇರೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಕಡೆಯವರಿಗೆ ಇದು ಬೇಗ ತಿಳಿಯುತ್ತದೆ.

ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಒಂದು ಜಗಳವಿದೆ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಒಂದೇ ಕಡೆ ಕೂತು ಊಟ ಮಾಡುತ್ತಿದ್ದ. ಯೆಹೂದ್ಯರಲ್ಲದವರ ಜೊತೆ ಪಂಕ್ತಿಗೆ ಕೂರದ ಕೆಲವರು ಯೆರೂಸಲೇಮಿನಿಂದ ಬಂದರು. ಪೇತ್ರ ಮೆಲ್ಲಗೆ ಎದ್ದು ಬೇರೆ ಕಡೆ ಕೂತ. ಅವನನ್ನು ನೋಡಿ ಉಳಿದವರೂ ಎದ್ದರು. ಪೌಲ ಎಲ್ಲರ ಎದುರಿಗೇ ಅವನನ್ನು ಗದರಿಸಿದ. ‘ನೇಮನಿಷ್ಠೆಗಳಿಂದ ಯಾರೂ ನೀತಿವಂತರಾಗುವುದಿಲ್ಲ, ಕ್ರಿಸ್ತನಲ್ಲಿಟ್ಟ ನಂಬಿಕೆಯಿಂದಲೇ’ ಎಂಬ ಮಾತು ಬಂದದ್ದು ಆ ಜಗಳದಲ್ಲಿ. ಅಂದರೆ ಊಟದ ಪಂಕ್ತಿಯ ವಿಷಯದಲ್ಲಿ! ಯಾರ ಜೊತೆ ಯಾರು ಕೂರಬಹುದು, ಯಾರನ್ನು ಹೊರಗೆ ಇಡಬೇಕು, ಯಾರಿಗೆ ಬೇರೆ ಸಾಲು ಹಾಕಬೇಕು ಎಂಬುದು ಈ ನೆಲದಲ್ಲಿ ಎಷ್ಟು ಜೀವಗಳನ್ನು ಹಿಂಡಿದೆ ಎಂದು ನಾನು ಹೇಳಬೇಕಾಗಿಲ್ಲ. ಪೌಲನಿಗೆ ‘ನಂಬಿಕೆಯಿಂದ’ ಅನ್ನುವುದು ಪ್ರಾರ್ಥನಾ ಕೂಟದಲ್ಲಿ ಹೇಳಿ ಮುಗಿಸುವ ಸಾಲು ಆಗಿರಲಿಲ್ಲ. ಇವರಲ್ಲಿ ಯಾರೂ ಮೇಲಲ್ಲ, ಯಾರೂ ಕೀಳಲ್ಲ, ಎಲ್ಲರೂ ಕೃಪೆಯಿಂದಲೇ ಒಳಗೆ ಬಂದವರು, ಆದ್ದರಿಂದ ಎದ್ದು ಹೋಗಬೇಡ, ಬಂದು ಇವರ ಪಕ್ಕ ಕೂತು ಉಣ್ಣು ಎಂಬ ಒತ್ತಾಯ ಅದು. ನಂಬಿಕೆಯೊಂದೇ ಎಂದು ಸಾರಿದ ಪೌಲನೇ ಆ ನಂಬಿಕೆಯಿಂದ ಒಂದು ಕೆಲಸವನ್ನು ಕೇಳಿದ. ಅದೇ ಪತ್ರಿಕೆಯ 5:6ರಲ್ಲಿ, ಲೆಕ್ಕಕ್ಕೆ ಬರುವುದು ಪ್ರೀತಿಯಿಂದ ಕೆಲಸ ನಡೆಸುವ ನಂಬಿಕೆ ಎಂದು ಬರೆದ.

ಯಾಕೋಬನ ಎದುರಿಗೆ ಇದ್ದವರು ಬೇರೆ. ಉಟ್ಟುಕೊಳ್ಳಲು ಬಟ್ಟೆಯಿಲ್ಲದ, ಆ ದಿನದ ಊಟಕ್ಕೆ ಗತಿಯಿಲ್ಲದ ಒಬ್ಬ ಅಣ್ಣನೋ ತಂಗಿಯೋ ಬಾಗಿಲಿಗೆ ಬಂದಿದ್ದಾರೆ. ಒಳಗಿನವರು ‘ಸಮಾಧಾನದಿಂದ ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬಾ ಉಣ್ಣಿ’ ಎಂದು ಆಶೀರ್ವಾದ ಮಾಡಿ ಕಳಿಸುತ್ತಾರೆ. ಒಂದು ರೊಟ್ಟಿ ಕೊಡುವುದಿಲ್ಲ. ಇಂಥ ನಂಬಿಕೆಗೆ ಯಾಕೋಬ ಇಟ್ಟ ಹೆಸರು ‘ಸತ್ತದ್ದು’. ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಅನ್ನುತ್ತಾನೆ. ಕಡೇಪಕ್ಷ ಅವು ನಡುಗುತ್ತವೆ.

ಉಷ್ಣಕ್ಕೆ ಒಂದು ಔಷಧ, ಶೀತಕ್ಕೆ ಒಂದು ಔಷಧ. ನನ್ನ ಅನುಭವದಲ್ಲಿ ಜನ ತಪ್ಪುವುದು ಬಾಟಲಿ ಅದಲುಬದಲು ಮಾಡಿಕೊಂಡು. ಯಾಕೋಬನನ್ನು ಕೇಳಿಸಿಕೊಳ್ಳಬೇಕಾದ ಭಾವ ಪೌಲನನ್ನು ಹಿಡಿದು ಕೂತಿದ್ದಾರೆ. ಪೌಲನ ಮಾತಿನಿಂದ ಉಸಿರಾಡಬೇಕಾದ ನೀವು ಯಾಕೋಬನನ್ನು ಓದಿ ‘ನಾನು ಮಾಡಿದ್ದು ಸಾಕೇ’ ಎಂದು ಹೆದರಿದ್ದೀರಿ.

ಈ ಹೆದರಿಕೆಗೆ ನಮ್ಮ ಮಾತಿನಲ್ಲೇ ಒಂದು ಬೇರು ಇದೆ ಅಂತ ನನಗೆ ಅನ್ನಿಸುತ್ತದೆ. ‘ಪುಣ್ಯ ಕಟ್ಟಿಕೊಂಡರು’ ಅನ್ನುತ್ತೇವೆ. ‘ಯಾವ ಜನ್ಮದ ಪುಣ್ಯವೋ’ ಅನ್ನುತ್ತೇವೆ. ಪುಣ್ಯ ಅಂದರೆ ಜಮಾ ಆಗುವ ವಸ್ತು. ಚರ್ಚಿನಲ್ಲಿ ಕೂತರೂ ನಮ್ಮ ಕಿವಿ ಅದೇ ಕಿವಿ. ಹೀಗಾಗಿ ಒಳ್ಳೆಯ ಕೆಲಸ ಎಂದ ಕೂಡಲೇ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಕಣ್ಣ ಮುಂದೆ ಬರುತ್ತದೆ. ಇಷ್ಟು ಜಮಾ, ಇಷ್ಟು ಬಾಕಿ. ಭಾವ ‘ನನ್ನ ಬಾಕಿ ಕ್ರಿಸ್ತನೇ ತೀರಿಸಿದ, ಇನ್ನು ನಾನು ಏನೂ ಕೊಡಬೇಕಾಗಿಲ್ಲ’ ಅನ್ನುತ್ತಾರೆ. ನೀವು ‘ನನ್ನ ಜಮಾ ಸಾಲದು’ ಅನ್ನುತ್ತೀರಿ. ಇಬ್ಬರ ಕೈಯಲ್ಲೂ ಅದೇ ಪುಸ್ತಕ.

ಆದರೆ ನಮ್ಮ ಮಾತಿನಲ್ಲೇ ಒಂದು ಒಳ್ಳೆಯ ಪದವೂ ಇದೆ. ನಂಬಿಕೆಗೆ ಗ್ರೀಕಿನಲ್ಲಿ ಇರುವ ಪದ ಪಿಸ್ತಿಸ್. ಅದಕ್ಕೆ ನಂಬುವುದು ಎಂಬ ಅರ್ಥವೂ ಇದೆ, ನಂಬಿಕೆಗೆ ತಕ್ಕ ಹಾಗೆ ನಡೆದುಕೊಳ್ಳುವುದು ಎಂಬ ಅರ್ಥವೂ ಇದೆ. ಕನ್ನಡದಲ್ಲಿ ನಂಬಿಕೆ ಮತ್ತು ನಂಬಿಗಸ್ತ ಒಂದೇ ಬೇರಿನ ಪದಗಳು. ನಮ್ಮ ಕಡೆ ‘ಅಂವಾ ನಂಬಿಗಸ್ತ ಮನಿಷಾ’ ಅಂದರೆ ಏನರ್ಥ? ಅವನ ತಲೆಯಲ್ಲಿ ಸರಿಯಾದ ಸಿದ್ಧಾಂತ ಇದೆ ಅಂತಲ್ಲ. ಅಂಗಡಿಯ ಕೀಲಿ ಕೈ ಅವನಿಗೆ ಕೊಟ್ಟು ಊರಿಗೆ ಹೋಗಬಹುದು ಅಂತ. ಒಬ್ಬರನ್ನು ನಂಬುವವನು ಮತ್ತು ಒಬ್ಬರ ನಂಬಿಕೆಗೆ ತಕ್ಕವನು, ಈ ಎರಡನ್ನೂ ಕನ್ನಡ ಒಂದೇ ಗಂಟಿನಲ್ಲಿ ಕಟ್ಟಿದೆ. ಆ ಗಂಟು ಬಿಚ್ಚಿದಾಗಲೇ ನಿಮ್ಮ ಭಾವನಂಥ ತೊಂದರೆ ಶುರುವಾಗುವುದು.

ಸಭೆಯ ಇತಿಹಾಸದಲ್ಲಿ ಈ ಗಂಟು ಮತ್ತೆ ಮತ್ತೆ ಬಿಚ್ಚಿದೆ. ಚಿಕ್ಕದಾಗಿ ಹೇಳುತ್ತೇನೆ. ಹಣ ಕೊಟ್ಟರೆ ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಎಂದು ಪತ್ರ ಮಾರುತ್ತಿದ್ದ ಕಾಲದಲ್ಲಿ, 1517ರಲ್ಲಿ, ಮಾರ್ಟಿನ್ ಲೂಥರ್ ಅದರ ವಿರುದ್ಧ ಎದ್ದರು. ರೋಮಾಪುರದ ಪತ್ರಿಕೆ 3:28ನ್ನು ಜರ್ಮನ್ ಭಾಷೆಗೆ ತರುವಾಗ ‘ಮಾತ್ರ’ ಎಂಬ ಪದ ಸೇರಿಸಿದರು. 1522ರಲ್ಲಿ ಯಾಕೋಬನ ಪತ್ರಿಕೆಯನ್ನು ಒಣಹುಲ್ಲಿಗೆ ಹೋಲಿಸಿದರು. ಅದು ದುಡುಕಿನ ಮಾತು ಎಂದೇ ನನ್ನ ಅಭಿಪ್ರಾಯ. ಆದರೆ ಅದೇ ವರ್ಷ ಅದೇ ಲೂಥರ್ ರೋಮಾಪುರದ ಪತ್ರಿಕೆಗೆ ಬರೆದ ಮುನ್ನುಡಿಯಲ್ಲಿ ಹೇಳಿದ್ದೇನು? ನಂಬಿಕೆ ಜೀವಂತ ವಸ್ತು, ಅದು ಸುಮ್ನೆ ಕೂರುವುದಿಲ್ಲ, ಒಳ್ಳೆಯದು ಮಾಡಬೇಕೇ ಎಂದು ಯಾರಾದರೂ ಕೇಳುವ ಮೊದಲೇ ಮಾಡಿ ಮುಗಿಸಿರುತ್ತದೆ ಎಂದು. ‘ನಂಬಿದರೆ ಸಾಕು’ ಅನ್ನುವವರು ಲೂಥರನ ಹೆಸರು ಹೇಳುವಾಗ ಇದನ್ನೂ ಹೇಳಬೇಕು. ಕಥೋಲಿಕ ಸಭೆ 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ತನ್ನ ಉತ್ತರ ಕೊಟ್ಟಿತು. ನಾಲ್ಕುನೂರ ಐವತ್ತು ವರ್ಷ ಎರಡೂ ಕಡೆಯವರು ದೂರ ನಿಂತರು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ಸಭೆಗಳ ಒಕ್ಕೂಟ ಮತ್ತು ಕಥೋಲಿಕ ಸಭೆ ಒಂದು ಹೇಳಿಕೆಗೆ ಸಹಿ ಹಾಕಿದವು. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದ ಮಾತ್ರ, ನಮ್ಮ ಯೋಗ್ಯತೆಯಿಂದಲ್ಲ. ಒಪ್ಪಿಕೊಂಡವನೇ ಪವಿತ್ರಾತ್ಮನನ್ನು ಕೊಟ್ಟು ನಮ್ಮನ್ನು ಒಳ್ಳೆಯ ಕೆಲಸಕ್ಕೆ ಕರೆಯುತ್ತಾನೆ. ಸಾರ ಇಷ್ಟು. ನಂಬಿಕೆಗೆ ವಿಶ್ವಾಸ ಎನ್ನುವ ಕಥೋಲಿಕ ಅಣ್ಣತಮ್ಮಂದಿರ ಜೊತೆ ಇನ್ನೂ ಜಗಳಕ್ಕೆ ನಿಲ್ಲುವ ನಮ್ಮವರಿಗೆ ಇದು ಗೊತ್ತೇ ಇಲ್ಲ.

ನಮ್ಮ ಊರುಗಳ ಕಡೆಗೇ ನೋಡಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಕೃಪೆಯಿಂದ ಮಾತ್ರ ರಕ್ಷಣೆ ಎಂದು ಬೋಧಿಸಿದವರು ಅವರು. ಹಾಗೆ ಬೋಧಿಸಿದವರು ಕೈಕಟ್ಟಿ ಕೂರಲಿಲ್ಲ. ಶಾಲೆ ತೆರೆದರು. ಗದಗ-ಬೆಟಗೇರಿಯಲ್ಲಿ ಜನ ಜರ್ಮನ್ ದವಾಖಾನೆ ಎಂದೇ ಕರೆಯುವ ಆಸ್ಪತ್ರೆ ನಡೆಸಿದರು. 1853ರಲ್ಲಿ ಬಂದ ಕಿಟೆಲ್ ಕನ್ನಡ ಪದಗಳನ್ನು ಒಂದೊಂದಾಗಿ ಆರಿಸಿದರು. ನಿಘಂಟು ಅಚ್ಚಾದದ್ದು 1894ರಲ್ಲಿ. ನಲವತ್ತು ವರ್ಷದ ಅಂತರ. ಸ್ವರ್ಗದಲ್ಲಿ ಜಾಗ ಸಿಗಲಿ ಎಂದು ಯಾರೂ ಇಷ್ಟು ವರ್ಷ ಪದ ಹೆಕ್ಕುವುದಿಲ್ಲ. ಜಾಗ ಸಿಕ್ಕಿದೆ ಎಂಬ ನೆಮ್ಮದಿ ಇರುವವನಿಗೆ ಮಾತ್ರ ಅಂಥ ತಾಳ್ಮೆ ಬರುತ್ತದೆ ಎಂದು ನಾನು ತಿಳಿದಿದ್ದೇನೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಳ್ಳೆಯ ಕೆಲಸವನ್ನು ಗಾಳಕ್ಕೆ ಸಿಕ್ಕಿಸುವ ಹುಳುವಾಗಿ ಮಾಡಬಾರದು. ಇವರು ನಮ್ಮ ಸಭೆಗೆ ಬರಲಿ ಎಂದು ಅನ್ನ ಹಾಕಿದರೆ ಅದೂ ಉದ್ರಿ ಪುಸ್ತಕವೇ. ಮತ್ತಾಯ 25ರಲ್ಲಿ, ಕಡೆಯ ನ್ಯಾಯತೀರ್ಪಿನ ದಿನ ಅರಸನ ಬಲಗಡೆ ನಿಂತವರು ಏನು ಕೇಳುತ್ತಾರೆ ನೆನಪಿದೆಯಾ? ಕರ್ತನೇ, ನೀನು ಹಸಿದದ್ದನ್ನು ನಾವು ಯಾವಾಗ ನೋಡಿದೆವು? ಅವರಿಗೆ ಗೊತ್ತೇ ಇಲ್ಲ. ಬರೆದಿಟ್ಟುಕೊಂಡಿಲ್ಲ. ಹಸಿದವನಿದ್ದ, ಮನೆಯಲ್ಲಿ ರೊಟ್ಟಿ ಇತ್ತು, ಕೊಟ್ಟರು.

ಈಗ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಧಾರವಾಡದ ಸುತ್ತ ಆಪೂಸ್ ಮಾವಿನ ತೋಟ ಬಹಳ. ನಿವೃತ್ತಿಯಾದ ಮೇಲೆ ನರ್ಸರಿ ಇಟ್ಟಿರುವ ಪಕ್ಕದ ಮನೆಯವರಿಂದ ಕಸಿ ಕಟ್ಟುವುದನ್ನು ಕಲಿತೆ. ಓಟೆಯಿಂದ ಎದ್ದ ನಾಟಿ ಸಸಿಯ ತುದಿ ಕತ್ತರಿಸಿ ನಡುವೆ ಸೀಳಬೇಕು. ಒಳ್ಳೆಯ ಮರದಿಂದ ಎಲೆ ತೆಗೆದ ಗೇಣುದ್ದದ ಕಡ್ಡಿ ತಂದು, ಅದರ ಬುಡವನ್ನು ಎರಡೂ ಕಡೆ ಓರೆಯಾಗಿ ಹೆರೆದು, ಆ ಸೀಳಿನೊಳಗೆ ಕೂರಿಸಬೇಕು. ತೊಗಟೆಗೆ ತೊಗಟೆ ಕೂಡಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿ ನೆರಳಿನಲ್ಲಿಡಬೇಕು. ಆಮೇಲೆ ಕಾಯುವುದು. ಎರಡು ಮೂರು ವಾರಕ್ಕೆ ಮೊಗ್ಗು ಒಡೆದು ತಾಮ್ರದ ಬಣ್ಣದ ಎಳೆ ಎಲೆ ಬಂದರೆ ಖುಷಿ.

ಈ ಕೆಲಸದಲ್ಲಿ ಆ ಕಡ್ಡಿ ಏನು ಮಾಡಿತು? ಏನೂ ಇಲ್ಲ. ಕತ್ತರಿಸಿ ತಂದದ್ದು ಬೇರೆಯವರು, ಸೇರಿಸಿದ್ದು ಬೇರೆಯವರು, ಕಟ್ಟಿದ್ದು ಬೇರೆಯವರು. ‘ನೀನು ಮೊದಲು ಎರಡು ಎಲೆ ಬಿಟ್ಟು ತೋರಿಸು, ಆಮೇಲೆ ಕಸಿ ಕಟ್ಟುತ್ತೇನೆ’ ಎಂದು ಯಾವ ತೋಟಗಾರನೂ ಹೇಳುವುದಿಲ್ಲ. ಪೌಲ ಹೇಳಿದ್ದು ಇದನ್ನೇ. ಆದರೆ ಕಟ್ಟಿ ಎರಡು ತಿಂಗಳಾದರೂ ಕಡ್ಡಿ ಕಪ್ಪಗೇ ಇದ್ದರೆ? ಅದರ ಪಕ್ಕ ನಿಂತು ‘ಕಸಿ ಹಿಡಿದಿದೆ, ಹಿಡಿದಿದೆ’ ಎಂದು ಎಷ್ಟು ಸಲ ಸಾಕ್ಷಿ ಹೇಳಿದರೂ ಅದು ಒಣಗಿದ ಕಡ್ಡಿಯೇ. ಯಾಕೋಬ ಹೇಳಿದ್ದು ಇದನ್ನು. ಒಬ್ಬ ಕಸಿ ಹೇಗೆ ಕೂಡುತ್ತದೆ ಎಂದು ಹೇಳಿದ, ಇನ್ನೊಬ್ಬ ಕೂಡಿದೆಯೋ ಇಲ್ಲವೋ ಹೇಗೆ ತಿಳಿಯುತ್ತದೆ ಎಂದು ಹೇಳಿದ.

ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ನಾನು ಮೊದಲ ಸಲ ಕಟ್ಟಿದ ಸಸಿಗಳಲ್ಲಿ ಕೆಲವು ಹತ್ತೇ ದಿನಕ್ಕೆ ಚಿಗುರಿದವು. ಕುಣಿದಾಡಿದೆ. ಪಕ್ಕದವರು ‘ಅವಸರ ಬೇಡ ಅಯ್ಯನವರೇ’ ಅಂದರು. ಮುಂದಿನ ವಾರ ಆ ಚಿಗುರು ಬಾಡಿ ಉದುರಿತು. ಕಸಿ ಕೂಡಿರಲಿಲ್ಲ. ಕಡ್ಡಿ ತನ್ನೊಳಗೆ ಉಳಿದಿದ್ದ ಅಷ್ಟೋ ಇಷ್ಟೋ ರಸದಿಂದ ಚಿಗುರಿತ್ತು. ರಸ ಮುಗಿಯಿತು, ಚಿಗುರೂ ಮುಗಿಯಿತು. ಸಭೆಯ ಕೆಲಸದಲ್ಲಿ ನನಗೂ ಹಾಗೆ ಆದದ್ದುಂಟು. ನನ್ನ ಬಲದಿಂದಲೇ ಎಲ್ಲವನ್ನೂ ಮಾಡಿ ತೋರಿಸಲು ಹೋಗಿ, ಒಳಗೆಲ್ಲ ಬತ್ತಿ, ಮನೆಯವರ ಮೇಲೆ ರೇಗುತ್ತಿದ್ದೆ. ಯೋಹಾನ 15ರಲ್ಲಿ ಯೇಸು ‘ನನ್ನಲ್ಲಿ ನೆಲೆಗೊಂಡಿರಿ’ ಅನ್ನುತ್ತಾನೆ. ‘ಹಣ್ಣು ಬಿಡಲು ಕಷ್ಟಪಡಿ’ ಅನ್ನುವುದಿಲ್ಲ. ಬೇರಿನಿಂದ ರಸ ಬರುತ್ತಿದ್ದರೆ ಹಣ್ಣು ತಾನಾಗಿ ಬರುತ್ತದೆ.

ಈಗ ಭಾವನ ವಿಷಯ. ಅವರಿಗೆ ಯಾಕೋಬ ಬೇಡ ಅಂದರೆ ಬೇಡ, ಪೌಲನ ಹೆಸರಿನ ಪತ್ರಿಕೆಯನ್ನೇ ಓದಲಿ. ಮೊದಲನೆಯ ತಿಮೊಥೆಯ 5:8. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ತಿರಸ್ಕರಿಸಿದವನು, ನಂಬದವನಿಗಿಂತ ಕಡೆಯಾದವನು. ಈ ಮಾತು ಯಾಕೋಬನಿಗಿಂತ ಖಾರ. ಮಾರ್ಕ 7ರಲ್ಲಿ ಯೇಸು, ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್, ಇದು ದೇವರಿಗೆ ಮೀಸಲು’ ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಬೈಯುತ್ತಾನೆ. ಸಭೆಗೆ ಮೈಕ್ ಸೆಟ್ ಕೊಡಿಸಿದ್ದು ತಪ್ಪಲ್ಲ. ಆದರೆ ಅದು ಕೊರ್ಬಾನ್ ಆಗಬಾರದು.

ಕೂಲಿಯ ವಿಷಯದಲ್ಲಿ ಬೈಬಲಿಗೆ ಎರಡು ಮಾತಿಲ್ಲ. ಯಾಜಕಕಾಂಡ 19:13, ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು. ಧರ್ಮೋಪದೇಶಕಾಂಡ 24:15, ಹೊತ್ತು ಮುಳುಗುವ ಮೊದಲೇ ಕೊಡು, ಅವನು ಬಡವ, ಅದರ ಮೇಲೆಯೇ ಆಸೆ ಇಟ್ಟಿದ್ದಾನೆ. ಯಾಕೋಬ 5:4, ನೀವು ಹಿಡಿದಿಟ್ಟ ಕೂಲಿಯೇ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ. ಮೆಣಸಿನಕಾಯಿ ತೊಟ್ಟು ಬಿಡಿಸುವವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೂಗಿಗೆ ಸೆರಗು ಸುತ್ತಿಕೊಂಡಿರುತ್ತಾರೆ. ಆದರೂ ಸೀನು ನಿಲ್ಲುವುದಿಲ್ಲ. ಸಂಜೆ ಕೈ ಎಷ್ಟು ತೊಳೆದರೂ ಉರಿ ಹೋಗುವುದಿಲ್ಲ. ಆ ಕೈಯಿಂದಲೇ ಕೂಸನ್ನು ಎತ್ತಿಕೊಳ್ಳಬೇಕು. ಅವರ ಕೂಲಿಯನ್ನು ವಾರಗಟ್ಟಲೆ ತಡೆದು ‘ಕ್ರಿಯೆಯಿಂದಲ್ಲ’ ಅನ್ನುವುದು ಪೌಲನ ಮೇಲೆ ಹೊರಿಸುವ ಸುಳ್ಳು.

ಆದರೂ ತಂಗಿ, ಈ ವಚನಗಳನ್ನು ಊಟಕ್ಕೆ ಕೂತಾಗ ಅವರ ಮುಖಕ್ಕೆ ಎಸೆಯಬೇಡಿ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಬದಲಾದದ್ದು ಹೇಗೆ? ಲೂಕ 19 ಓದಿ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದು ಅವನು ಹೇಳಿದ್ದು ಆಮೇಲೆ. ಮೊದಲು ಯೇಸು, ಅವನು ಹತ್ತಿ ಕೂತಿದ್ದ ಮರದ ಕೆಳಗೆ ನಿಂತು ‘ಈಹೊತ್ತು ನಾನು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು’ ಅಂದ. ನಿಮ್ಮ ಮನೆಯವರು ಅಣ್ಣನ ಜೊತೆ ಒಬ್ಬರೇ ಕೂತು ಮಾತಾಡಲಿ. ಸಿಟ್ಟಿಲ್ಲದೆ, ಆದರೆ ಬಾಕಿ ಎಷ್ಟು, ಯಾರಿಗೆ, ಯಾವಾಗ ಕೊಡುತ್ತೀ ಎಂದು ನೇರವಾಗಿ ಕೇಳಲಿ.

ಇನ್ನು ನೀವು. ನನ್ನ ಒಂದು ತಪ್ಪು ಹೇಳಬೇಕು. ನಾನು ಹೊಸದಾಗಿ ಸಭಾಪಾಲಕನಾದಾಗ ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಳ್ಳುತ್ತಿದ್ದ ಒಬ್ಬ ತಾಯಿ ಪ್ರಾರ್ಥನಾ ಕೂಟಕ್ಕೆ ಬರುತ್ತಿರಲಿಲ್ಲ. ‘ದೇವರಿಗೆ ಮೊದಲ ಜಾಗ ಕೊಡಬೇಕಮ್ಮ’ ಎಂದು ಅವರ ಮನೆಗೇ ಹೋಗಿ ಹೇಳಿ ಬಂದೆ. ಅವರು ಏನೂ ಮಾತಾಡಲಿಲ್ಲ. ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಅದನ್ನು ಹಿಂಡಿ ಒಳಗೆ ಹೋದರು. ಆ ಮನೆಯಲ್ಲಿ ದೇವರಿಗೆ ಮೊದಲ ಜಾಗ ಎಲ್ಲಿತ್ತು ಎಂದು ನನಗೆ ತಿಳಿಯಲು ವರ್ಷಗಳೇ ಬೇಕಾದವು. ಅಷ್ಟರಲ್ಲಿ ಕ್ಷಮೆ ಕೇಳಲು ಅವರು ಇರಲಿಲ್ಲ.

ಗೊಣಗುತ್ತಾ ಮಾಡುತ್ತೇನೆ ಅಂದಿರಿ. ಮತ್ತಾಯ 21ರಲ್ಲಿ ಇಬ್ಬರು ಮಕ್ಕಳ ಸಾಮ್ಯ ಇದೆ. ದ್ರಾಕ್ಷಿತೋಟಕ್ಕೆ ಹೋಗಿ ಕೆಲಸ ಮಾಡು ಅಂದಾಗ ಒಬ್ಬ ‘ಹೋಗುತ್ತೇನಪ್ಪಾ’ ಅಂದ, ಹೋಗಲಿಲ್ಲ. ಇನ್ನೊಬ್ಬ ‘ಹೋಗಲಾರೆ’ ಅಂದ, ಆಮೇಲೆ ಮನಸ್ಸು ತಿರುಗಿಸಿ ಹೋದ. ತಂದೆಯ ಇಷ್ಟದಂತೆ ನಡೆದವನು ಯಾರು ಎಂದು ಯೇಸು ಕೇಳುತ್ತಾನೆ. ನಿಮ್ಮ ಗೊಣಗು ನನಗೆ ಅಪನಂಬಿಕೆಯ ಹಾಗೆ ಕೇಳುವುದಿಲ್ಲ. ಮೂರು ವರ್ಷ ನಿದ್ದೆಗೆಟ್ಟ ಮೈಯ ಮಾತು ಅದು. ದೇವರ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದಿರಿ. ಆ ಲೆಕ್ಕವನ್ನೇ ಬಿಟ್ಟುಬಿಡಿ. ನೀವು ಅತ್ತೆಯ ಮಗ್ಗುಲು ಬದಲಿಸಿದ್ದರಿಂದ ದೇವರು ನಿಮ್ಮನ್ನು ಒಪ್ಪಿಕೊಂಡದ್ದಲ್ಲ. ನೀವು ಆಗಲೇ ಆತನ ಮಗಳು. ಒಂದು ದಿನ ಸಿಟ್ಟಿನಲ್ಲಿ ಗಂಜಿಯ ಬಟ್ಟಲು ಕುಕ್ಕಿದರೂ ಮಗಳೇ.

ನಿಮ್ಮ ಅತ್ತೆ. ಅವರ ಬಗ್ಗೆ ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನ ಬಳಿ ತೋರಿಸಲು ಒಂದೂ ಒಳ್ಳೆಯ ಕೆಲಸ ಇರಲಿಲ್ಲ. ಕೈಕಾಲು ಆಡುವ ಹಾಗಿರಲಿಲ್ಲ. ‘ನನ್ನನ್ನು ನೆನಸಿಕೋ’ ಅಂದ, ಅಷ್ಟೇ. ನಿಮ್ಮ ಅತ್ತೆಗೆ ಅದನ್ನು ಹೇಳಲೂ ಈಗ ನೆನಪಿಲ್ಲ. ಆದರೆ ಆ ಪ್ರಾರ್ಥನೆ ನಿಂತಿರುವುದು ಕೇಳುವವನ ನೆನಪಿನ ಮೇಲೆ, ಹೇಳುವವರ ನೆನಪಿನ ಮೇಲಲ್ಲ. ಎರಡನೆಯ ತಿಮೊಥೆಯ 2:13ರಲ್ಲಿ ಮತ್ತೆ ಅದೇ ಪದ ಬರುತ್ತದೆ: ನಾವು ಹೇಗೇ ಆದರೂ ಆತನು ನಂಬಿಗಸ್ತನಾಗಿಯೇ ಇರುತ್ತಾನೆ. ಅವರು ಕಟ್ಟಿಕೊಂಡು ಹೋದ ಬುತ್ತಿಗಳನ್ನು ಅವರು ಮರೆತಿರಬಹುದು. ಮತ್ತಾಯ 25ರಲ್ಲಿ ಬಲಗಡೆ ನಿಂತವರಿಗೂ ನೆನಪಿರಲಿಲ್ಲ.

ಬೈಬಲ್ ಓದಲು ಬೇರೆ ಹೊತ್ತು ಹುಡುಕಬೇಡಿ. ರಾತ್ರಿ ಅವರಿಗೆ ಪೌಡರ್ ಹಚ್ಚಿ, ಹಾಸಿಗೆ ಸರಿಮಾಡಿ ಆದ ಮೇಲೆ 23ನೇ ಕೀರ್ತನೆಯನ್ನು ಜೋರಾಗಿ ಓದಿ. ‘ಯೆಹೋವನು ನನಗೆ ಕುರುಬನು’ ಎಂದು ಓದಿ ಸ್ವಲ್ಪ ನಿಲ್ಲಿಸಿ. ಎಲ್ಲ ಮರೆತವರ ಬಾಯಿಂದ ‘ಕೊರತೆಪಡೆನು’ ಎಂದು ಬಂದದ್ದನ್ನು ನಾನು ಎರಡು ಮೂರು ಮನೆಗಳಲ್ಲಿ ಕೇಳಿದ್ದೇನೆ. ಬರದಿದ್ದರೆ ಆ ಸಾಲನ್ನು ನೀವೇ ಅವರ ಪರವಾಗಿ ಹೇಳಿ. ಮತ್ತೆ ವಾರಕ್ಕೆ ಒಂದು ರಾತ್ರಿ ಭಾವ ಬಂದು ತಾಯಿಯ ಹತ್ತಿರ ಮಲಗಲಿ. ಕೂಲಿಯ ಮಾತಿನ ಜೊತೆಗೆ ಇದನ್ನೂ ನಿಮ್ಮ ಮನೆಯವರು ಕೇಳಲಿ. ಶನಿವಾರ ರಾತ್ರಿಯಾದರೆ ಒಳ್ಳೆಯದು. ನೀವು ರವಿವಾರ ಆರಾಧನೆಗೆ ನಿದ್ದೆ ಮಾಡಿ ಎದ್ದು ಹೋಗಬಹುದು.